ಸಾಲಿನ ಕೊನೆಯವರೆಗೆ

ಹೆಂಡತಿ ಇಷ್ಟು ಹೊತ್ತೂ ತನ್ನ ಬಲಗಡೆಯೇ ನಿಂತಿದ್ದಳು ಅನ್ನುವುದು ಅವನಿಗೆ ಗೊತ್ತಾದದ್ದು ಅವಳು ಕಿಸಕ್ಕನೆ ನಕ್ಕಾಗ. ಎರಡು ನಿಮಿಷದಿಂದ ಅವನು ಚಹಾದ ಲೋಟಕ್ಕಾಗಿ ಮೇಜಿನ ಮೇಲೆ ಕೈಯಾಡಿಸುತ್ತ, ಕೋಣೆಯಲ್ಲಿ ಯಾರೂ ಇಲ್ಲವೆಂಬ ಧೈರ್ಯದಲ್ಲಿ ಲೋಟಕ್ಕೇ ಬೈಯುತ್ತಿದ್ದ. "ಅಲ್ಲೇ ಇದೆ ರೀ. ನಿಮ್ಮ ಬೈಗುಳ ಕೇಳಿಸ್ಕೊಂಡು ಪಾಪ ಸುಮ್ನೆ ಕೂತಿದೆ," ಅಂದಳು. ಅವನು ತಲೆಯನ್ನು ಬಲಕ್ಕೆ ತಿರುಗಿಸಿದ, ಇನ್ನೂ ತಿರುಗಿಸಿದ, ಮೇಜಿನ ಅಂಚಿಗೆ ಅಂಟಿಸಿದ್ದ ಕೆಂಪು ಪಟ್ಟಿ ಕಾಣುವವರೆಗೆ ತಿರುಗಿಸಿದ. ಪಟ್ಟಿ ಕಂಡರೆ ಮೇಜು ಮುಗಿಯಿತು ಎಂದರ್ಥ. ಪಟ್ಟಿ ಕಾಣದಿದ್ದರೆ ಅತ್ತ ಇನ್ನೂ ಏನೋ ಉಂಟು. ಹೆಂಡತಿ ಕಿಟಕಿ ಪರದೆ, ಶಾಲೆಯ ಸಮವಸ್ತ್ರ ಹೊಲಿದುಕೊಡುವವಳು. ಅವನು ಆಸ್ಪತ್ರೆಯಿಂದ ಬಂದ ವಾರವೇ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಮನೆಯ ಬಲಗಡೆಗಳಿಗೆಲ್ಲ, ಬಾಗಿಲ ಚೌಕಟ್ಟಿಗೆ, ಕನ್ನಡಿಗೆ, ಮಂಚಕ್ಕೆ, ಕೊನೆಗೆ ಅವನ ಊಟದ ತಟ್ಟೆಗೂ ಕೆಂಪು ಬಟ್ಟೆಯ ಪಟ್ಟಿ ಕತ್ತರಿಸಿ ಅಂಟಿಸಿದ್ದಳು. ತಟ್ಟೆಯದು ತೊಳೆದಾಗೆಲ್ಲ ಕಿತ್ತು ಬರುತ್ತಿತ್ತು, ಮತ್ತೆ ಅಂಟಿಸುತ್ತಿದ್ದಳು. ಪಟ್ಟಿಯ ಪಕ್ಕದಲ್ಲಿ ಲೋಟ ಸಿಕ್ಕಿತು, ಅದರಾಚೆ ಅವಳೂ ಸಿಕ್ಕಿದಳು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಮದುವೆಯಾದಂದಿನಿಂದ ಅವಳು ತನ್ನ ಬಲಗಡೆಯೇ ನಿಲ್ಲುವವಳು, ಬಲಗಡೆಯೇ ಮಲಗುವವಳು ಅನ್ನುವುದನ್ನು ಅವನು ಗಮನಿಸಿದ್ದು ಆ ಬಲಗಡೆ ಮಾಯವಾದ ಮೇಲೆ. ಅದನ್ನು ಅವಳಿಗೆ ಹೇಳಿರಲಿಲ್ಲ, ಹೇಳಲು ನಾಚಿಕೆಯಾಗಿತ್ತು.

ಐದು ತಿಂಗಳ ಹಿಂದೆ ಸ್ಟ್ರೋಕ್ ಆದಾಗ ಕೈಕಾಲು ಬಿದ್ದುಹೋಗಲಿಲ್ಲ, ಬಾಯಿ ಸೊಟ್ಟಗಾಗಲಿಲ್ಲ. ಮುಖಕ್ಷೌರ ಮಾಡಿಕೊಳ್ಳುತ್ತಿದ್ದವನಿಗೆ ಕನ್ನಡಿಯಲ್ಲಿ ತನ್ನ ಅರ್ಧ ಮುಖ ಇಲ್ಲವೆನ್ನಿಸಿತು, ಅಷ್ಟೇ. ಕಣ್ಣು ಎರಡೂ ಚೆನ್ನಾಗಿವೆ, ಕಂಡದ್ದನ್ನು ಬರಮಾಡಿಕೊಳ್ಳುವ ಮಿದುಳಿನ ಜಾಗ ಒಣಗಿದೆ, ಅದಕ್ಕೇ ಎರಡು ಕಣ್ಣಿನ ಬಲಭಾಗವೂ ಹೋಗಿದೆ ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆ ಚಿತ್ರದ ಎಡ ಅರ್ಧ ಮಾತ್ರ ಅವನಿಗೆ ಕಂಡಿತು. ನೋಡಲು ಬಂದವರೆಲ್ಲ ಕೇಳುತ್ತಿದ್ದರು, ಆ ಕಡೆ ಕತ್ತಲೆ ಕಾಣುತ್ತದೆಯೇ, ಮಂಜು ಕಾಣುತ್ತದೆಯೇ ಎಂದು. ಕತ್ತಲೆಯಾದರೂ ಕಂಡಿದ್ದರೆ ಅಲ್ಲಿ ಏನೋ ಇದೆ ಎಂದಾದರೂ ಗೊತ್ತಾಗುತ್ತಿತ್ತು. ನಿಮ್ಮ ಬೆನ್ನ ಹಿಂದೆ ನಿಮಗೆ ಏನು ಕಾಣುತ್ತದೆ ಹೇಳಿ ನೋಡೋಣ, ಎಂದು ಅವನು ತಿರುಗಿ ಕೇಳಿದರೆ ಅವರು ತಬ್ಬಿಬ್ಬಾಗುತ್ತಿದ್ದರು. ಹಾಗೆ ತಬ್ಬಿಬ್ಬು ಮಾಡುವುದರಲ್ಲಿ ಅವನಿಗೆ ಸ್ವಲ್ಪ ಖುಷಿಯೂ ಇತ್ತು. ಸ್ವಭಾವವೇ ಹಾಗೆ, ಸ್ಟ್ರೋಕ್ ಅದನ್ನು ಮುಟ್ಟಿರಲಿಲ್ಲ.

ಇವತ್ತು ಎರಡು ಕೆಲಸ. ಹನ್ನೊಂದಕ್ಕೆ ತರಬೇತಿ ಕೇಂದ್ರದಲ್ಲಿ ಕಣ್ಣಿನ ಅಳತೆ, ನಾಲ್ಕು ತಿಂಗಳ ಅಭ್ಯಾಸದಿಂದ ಎಷ್ಟು ವಾಪಸ್ ಬಂದಿದೆ ಎಂದು ನೋಡುವುದು. ಮೂರು ಗಂಟೆಗೆ ಪ್ರೆಸ್ಸು. ಪ್ರೆಸ್ಸಿನ ಯಜಮಾನರು ನಿನ್ನೆ ಫೋನು ಮಾಡಿ, "ಕುರ್ಚಿ ಹಾಗೇ ಇಟ್ಟಿದ್ದೀನಿ. ಬಂದು ಒಂದೆರಡು ಪುಟ ಓದಿ ನೋಡಿ, ಆದ್ರೆ ಸರಿ. ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪು ಬಿಟ್ಟಿಲ್ಲ ನೀವು. ಅಂಥ ಕಣ್ಣಿಗೆ ಅರ್ಧ ಸಾಕು ಬಿಡ್ರಿ," ಎಂದು ನಕ್ಕಿದ್ದರು. ಕರಡು ತಿದ್ದುವುದು ಅವನ ಕಸುಬು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಓದಿ, ತಪ್ಪಿದ ಒತ್ತು, ಬಿಟ್ಟ ದೀರ್ಘ, ಜಾರಿದ ಮಹಾಪ್ರಾಣ ಎಲ್ಲಕ್ಕೂ ಕೆಂಪು ಶಾಯಿಯ ಸುತ್ತು ಹಾಕಿ, ಕೊನೆಗೆ ಪುಟದ ಮೂಲೆಯಲ್ಲಿ 'ಸರಿ' ಎಂದು ಬರೆದು ಸಹಿ ಮಾಡಬೇಕು. ಪ್ರೆಸ್ಸಿನವರು ಅವನಿಗೆ ಹದ್ದಣ್ಣ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅನ್ನುವ ಹೆಸರು, ಆದರೆ ಅವನ ಕಿವಿಗೆ ಬಿದ್ದಾಗ ಅವನು ಸಿಟ್ಟಾಗದೆ ಒಳಗೊಳಗೇ ಉಬ್ಬಿದ್ದ. ಆದರೆ ಒಂದು ತಪ್ಪು ಬಿಟ್ಟಿಲ್ಲ ಎಂಬ ಯಜಮಾನರ ಮಾತು ಕೇಳಿದಾಗಿನಿಂದ ಅವನಿಗೆ ನೆಮ್ಮದಿ ಇರಲಿಲ್ಲ. ರಾತ್ರಿ ಊಟ ಸೇರಿರಲಿಲ್ಲ. ಬೆಳಿಗ್ಗೆ ಲೋಟಕ್ಕೆ ಬೈದದ್ದೂ ಅದಕ್ಕೇ.

ಬಸ್ಸಿನಲ್ಲಿ ಹೆಂಡತಿ ಅವನನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಅವನ ಬಲಕ್ಕೆ ಕೂತಳು. ಹೊರಗೆ ಅಂಗಡಿಗಳ ಬೋರ್ಡುಗಳು ಹಾದುಹೋಗುತ್ತಿದ್ದವು, ಓದಲು ಹೊರಟರೆ ಮೊದಲೆರಡು ಅಕ್ಷರ ಸಿಕ್ಕಿ ಬಾಲ ತಪ್ಪಿಸಿಕೊಳ್ಳುತ್ತಿತ್ತು. ಆ ಮೇಷ್ಟ್ರೂ ಕಿಟಕಿಯ ಪಕ್ಕವೇ ಕೂತಿದ್ದರು ಅಲ್ಲವೇ, ಅವತ್ತು ಪ್ರೆಸ್ಸಿನಲ್ಲಿ. ಸ್ಟ್ರೋಕ್ ಆಗುವುದಕ್ಕೆ ಮೂರು ವಾರ ಮೊದಲು. ನಿವೃತ್ತ ಮೇಷ್ಟ್ರು, ತೀರಿಹೋದ ಹೆಂಡತಿಯ ನೆನಪಿಗೆ ಒಂದು ಪುಸ್ತಕ ಬರೆದಿದ್ದರು. ಅರ್ಪಣೆಯ ಪುಟದಲ್ಲಿ ಒಂದೇ ಸಾಲು: ನಿನ್ನ ಋಣ ತೀರಲಿಲ್ಲ. ಅಚ್ಚಾಗಿ ಬಂದದ್ದು: ನಿನ್ನ ಋಣ ತೀರಲಿ. ಮೇಷ್ಟ್ರು ಕೂಗಾಡಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, "ಮೂವತ್ತೆಂಟು ವರ್ಷ ಜೊತೆಗೆ ಬಾಳಿದವಳಿಗೆ ಯಾರಾದ್ರೂ ಹೀಗಂತಾರೇನಪ್ಪಾ? ನನ್ನ ಪಾಲಿಗೆ ನೀನು ಮುಗಿದೆ, ತೊಲಗು ಅಂದ ಹಾಗಾಯ್ತಲ್ಲ. ಅವಳ ತಮ್ಮ ಓದಿ ನನ್ನ ಮುಖ ನೋಡಿದ," ಎಂದು ಮೆಲ್ಲಗೆ ಹೇಳಿದರು. ಯಜಮಾನರು ಅಚ್ಚಿನ ಯಂತ್ರ ನಿಲ್ಲಿಸಿ ಎಲ್ಲರನ್ನೂ ಕರೆದರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಾಕೆ ಬಂದು ನಿಂತಳು. ದಿನವಿಡೀ ಕೀಲಿ ಒತ್ತುವವಳು, ಎಂಥ ಕಷ್ಟದ ಒತ್ತಕ್ಷರವನ್ನೂ ತಡವರಿಸದೆ ಹೊಡೆಯುವವಳು, ಹೀಗಾಗಿ ಅವಳಿಗೆ ಒತ್ತಕ್ಕ ಎಂದು ಹೆಸರು. ಯಾರೂ ಏನೂ ಕೇಳುವ ಮೊದಲೇ ಅವನು ಹೇಳಿಬಿಟ್ಟಿದ್ದ: "ನನ್ನ ಕರಡಿನಲ್ಲಿ ಸರಿಯಾಗೇ ಇತ್ತು. ಆಮೇಲೆ ಮುಟ್ಟಿ ಕೆಡಿಸಿದ್ದು ಇವಳೇ." ಒತ್ತಕ್ಕ, "ಇಲ್ಲ ಸರ್, ನಾನು ಆಮೇಲೆ ಮುಟ್ಟೇ ಇಲ್ಲ. ನೀವು ಸರಿ ಅಂತ ಹಾಕಿದ್ರಿ. ಬೇಕಾದ್ರೆ ಕರಡು ತೆಗೆದು ನೋಡೋಣ," ಅಂದಳು. "ನನಗೇ ಪಾಠ ಹೇಳ್ತೀಯಾ? ನೆಟ್ಟಗೆ ನಾಲ್ಕಕ್ಷರ ಹೊಡೆಯೋಕೆ ಬರಲ್ಲ, ಬಾಯಿ ಮಾತ್ರ ಊರಗಲ!" ಎಂದು ಅವನು ಕೂಗಿದ. ಎಲ್ಲರೂ ನಿಂತಿದ್ದರು. ಕರಡು ತೆಗೆದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ, ಹದ್ದಣ್ಣ ಹೇಳಿದ ಮೇಲೆ ಮುಗಿಯಿತು. ನಾಲ್ಕು ದಿನ ಒತ್ತಕ್ಕ ಬೈಂಡಿಂಗ್ ಕೋಣೆಯ ನೆಲದಲ್ಲಿ ಕೂತು, ಅಂಟಿನ ಕುಂಚ ಹಿಡಿದು, ಪ್ರತಿಯೊಂದು ಪುಸ್ತಕಕ್ಕೂ ಆ ಪುಟದ ಮೇಲೆ ಹೊಸ ಚೀಟಿ ಅಂಟಿಸಿದಳು. ಅವನು ಆ ಬಾಗಿಲ ಮುಂದೆ ದಿನಕ್ಕೆ ಹತ್ತು ಸಲ ಹಾದುಹೋದ. ಬಸ್ಸು ಗಕ್ಕನೆ ನಿಂತಿತು. "ಇಳೀಬೇಕು ರೀ, ಎಲ್ಲಿದ್ದೀರಿ?" ಎಂದಳು ಹೆಂಡತಿ.

ತರಬೇತಿ ಕೇಂದ್ರದ ಗೋಡೆಯ ಮೇಲೊಂದು ಫಲಕ. ಮೊದಲ ದಿನ ಅವನು ಅದನ್ನು 'ದಯವಿಟ್ಟು ಶಬ್ಧ ಮಾಡಿ' ಎಂದು ಓದಿದ್ದ. ಶಬ್ದಕ್ಕೆ ಮಹಾಪ್ರಾಣ ಹಾಕಿದ್ದಾರಲ್ಲ ಎಂಬ ಸಿಟ್ಟಿನಲ್ಲಿ ಉಳಿದದ್ದು ಹೊಳೆಯದೆ, ಬಾಗಿಲಲ್ಲಿ ಕೂತ ನರ್ಸಿಗೆ, "ಏನಮ್ಮ, ಇಲ್ಲಿ ಗಲಾಟೆ ಮಾಡೋರು ಕಮ್ಮಿ ಅಂತ ಬೋರ್ಡ್ ಹಾಕಿದ್ದೀರಾ? ಹಾಕೋದಾದ್ರೆ ಕಾಗುಣಿತನಾದ್ರೂ ಸರಿ ಮಾಡಿ ಹಾಕಿ," ಎಂದು ದೊಡ್ಡ ದನಿಯಲ್ಲಿ ಹೇಳಿದ್ದ. ಆಕೆ ಎದ್ದು ಬಂದು, ಫಲಕದ ಬಲಗಡೆ ಬೆರಳಿಟ್ಟು, 'ಮಾಡಬೇಡಿ' ಎಂದು ಮಗುವಿಗೆ ಓದಿಸುವಂತೆ ಓದಿಸಿದ್ದಳು. ಬೆಂಚಿನ ಮೇಲಿದ್ದವರು ನಕ್ಕಿದ್ದರು. ಅವತ್ತು ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಕಣ್ಣು ಹೋದದ್ದಕ್ಕಲ್ಲ. ಕಾಣದೆ ಹೋದದ್ದನ್ನು ಮನಸ್ಸು ತಾನೇ ತುಂಬಿಸಿಕೊಂಡು, ಪೂರ್ತಿ ಓದಿದೆ ಎಂದು ಅಷ್ಟು ಧೈರ್ಯವಾಗಿ ನಂಬಿತಲ್ಲ, ಅದಕ್ಕೆ. ಕನ್ನಡದಲ್ಲಿ ಬೇಡ, ಇಲ್ಲ, ಬಾರದು, ಕೂಡದು ಎಲ್ಲ ಮಾತಿನ ಕೊನೆಗೇ ಬರುತ್ತವೆ. ಬಾಲ ಕತ್ತರಿಸಿದರೆ ಹೋಗಲಿಲ್ಲ ಅನ್ನುವುದು ಹೋಗಲಿ ಆಗುತ್ತದೆ, ಯಾವ ಅನುಮಾನವೂ ಬರುವುದಿಲ್ಲ. ಇಷ್ಟು ವರ್ಷ ಈ ಭಾಷೆಯ ಅಕ್ಷರಗಳಲ್ಲೇ ಅನ್ನ ತಿಂದವನಿಗೆ ಅದು ಹೊಳೆದಿರಲಿಲ್ಲ. ಆಮೇಲೆ ಒಂದು ರಾತ್ರಿ ಮಂಚದಲ್ಲಿ ಮಲಗಿದ್ದಾಗ ಮೇಷ್ಟ್ರ ಪುಸ್ತಕ ನೆನಪಾಗಿ ಎದ್ದು ಕೂತಿದ್ದ. ಸ್ಟ್ರೋಕಿಗೂ ಮೂರು ವಾರ ಮೊದಲಿನದಲ್ಲವೇ ಅದು, ಆಗ ಕಣ್ಣು ಸರಿಯಿತ್ತಲ್ಲ, ಎಂದು ಸಮಾಧಾನ ಮಾಡಿಕೊಂಡು ಮತ್ತೆ ಮಲಗಿದ್ದ. ಆದರೆ ಡಾಕ್ಟರು ಒಂದು ಮಾತು ಹೇಳಿದ್ದರು: ಮಿದುಳಿನ ಚಿತ್ರದಲ್ಲಿ ಒಂದು ಸಣ್ಣ ಹಳೇ ಗಾಯವೂ ಕಾಣುತ್ತದೆ, ಯಾವಾಗಿನದೋ, ನಿಮಗೆ ಗೊತ್ತೇ ಆಗಿರಲಿಕ್ಕಿಲ್ಲ. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ತರಬೇತಿ ಕೊಡುವಾಕೆಗೆ ಇಪ್ಪತ್ತೈದೋ ಇಪ್ಪತ್ತಾರೋ. ಮನೆಯಲ್ಲಿ ಗಂಡ ಹೆಂಡತಿ ಅವಳನ್ನು ಚುಕ್ಕಿ ಮೇಡಂ ಎನ್ನುತ್ತಿದ್ದರು. ಕತ್ತಲು ಕೋಣೆಯಲ್ಲಿ ಪರದೆಯ ಮುಂದೆ ಗದ್ದ ಊರಿಸಿ ಕೂರಿಸುತ್ತಾಳೆ. ನಡುವಿನ ಗುರುತಿನಿಂದ ಕಣ್ಣು ಕದಲಿಸಬಾರದು. ಕಾಣುವ ಜಾಗ ಮುಗಿದು ಕಾಣದ ಜಾಗ ಶುರುವಾಗುವ ಗಡಿಯಲ್ಲಿ ಚುಕ್ಕಿ ಬೆಳಕು ಮಿನುಗುತ್ತದೆ. ಕಂಡರೆ ಗುಂಡಿ ಒತ್ತಬೇಕು. ದಿನಕ್ಕೆ ಎರಡು ಹೊತ್ತು, ನಾಲ್ಕು ನೂರು ಚುಕ್ಕಿ. ಮೊದಲ ವಾರ ಅವನು ಮೋಸ ಮಾಡಿದ್ದ. ಚುಕ್ಕಿ ಎಷ್ಟು ಹೊತ್ತಿಗೊಂದು ಬರುತ್ತದೆ ಎಂದು ಲೆಕ್ಕ ಹಿಡಿದು, ಕಾಣದಿದ್ದರೂ ಆ ಹೊತ್ತಿಗೆ ಗುಂಡಿ ಒತ್ತುತ್ತಿದ್ದ. ಅವಳು ನೋಡಿಯೂ ಎರಡು ದಿನ ಸುಮ್ಮನಿದ್ದು ಮೂರನೇ ದಿನ, "ಅಂಕಲ್, ಇವತ್ತು ನಾನು ಚುಕ್ಕಿನೇ ಬಿಟ್ಟಿರಲಿಲ್ಲ. ನೀವು ಮೂವತ್ತು ಸಲ ಒತ್ತಿದ್ರಿ. ನನಗೇನೂ ನಷ್ಟ ಇಲ್ಲ, ಆದ್ರೆ ನಿಮ್ಮ ಕಣ್ಣು ನಿಮ್ಮನ್ನ ನಂಬಿ ಕೂತಿದೆ," ಅಂದಿದ್ದಳು. ಮಗಳ ವಯಸ್ಸಿನವಳ ಮುಂದೆ ಕಿವಿ ಕೆಂಪಾಗಿತ್ತು. ಅಂದಿನಿಂದ ಕಂಡದ್ದಕ್ಕೆ ಮಾತ್ರ ಒತ್ತಿದ. ನೂರರಲ್ಲಿ ಮೂರು, ನೂರರಲ್ಲಿ ನಾಲ್ಕು. ಒಮ್ಮೊಮ್ಮೆ ಚುಕ್ಕಿ ಕಂಡಿತೋ, ಕಾಣಲಿ ಎಂಬ ಆಸೆ ಕಂಡಿತೋ ಗೊತ್ತಾಗದೆ ಬೆರಳು ಗುಂಡಿಯ ಮೇಲೇ ನಿಂತುಬಿಡುತ್ತಿತ್ತು.

ಇವತ್ತಿನ ಅಳತೆ ಮುಗಿಸಿ ಅವಳು ಎರಡು ಹಾಳೆ ತಂದಳು, ನಾಲ್ಕು ತಿಂಗಳ ಹಿಂದಿನದು, ಇವತ್ತಿನದು. "ಎರಡನ್ನೂ ಎಡಗಡೆ ಇಡಮ್ಮ, ಬಲಗಡೆ ಇಟ್ರೆ ವಾಸಿಯಾಗಿದೆ ಅಂತ ನೀನು ಹೇಳಿದ್ದನ್ನ ನಂಬಬೇಕಾಗುತ್ತೆ," ಅಂದ. ಅವಳು ನಗುತ್ತ ಇಟ್ಟಳು. ಮೊದಲ ಹಾಳೆಯಲ್ಲಿ ಬಲ ಅರ್ಧವೆಲ್ಲ ಕಪ್ಪು. ಎರಡನೆಯದರಲ್ಲೂ ಕಪ್ಪು, ಆದರೆ ನಡುಗೆರೆಯ ಪಕ್ಕ ಒಂದು ಸಪೂರ ಬೂದು ಪಟ್ಟೆ ಬಿಳಿಯ ಕಡೆಗೆ ಸರಿದಿತ್ತು. "ಒಂದು ಬೆರಳಗಲ ವಾಪಸ್ ಬಂದಿದೆ ಅಂಕಲ್." "ಒಂದೇ ಬೆರಳಾ?" "ಒಂದೇ ಬೆರಳಾ ಅಂತೀರಲ್ಲ! ಕೆಲವರಿಗೆ ಉಗುರಿನಷ್ಟೂ ಬರಲ್ಲ. ಓದೋಕೆ ಬೇಕಾಗೋದು ಇದೇ ಜಾಗ. ಉಳಿದದ್ದಕ್ಕೆ ತಲೆ ತಿರುಗಿಸೋದು ಹೇಗೂ ಕಲ್ತಿದ್ದೀರಿ." ಅವನು ಹಾಳೆಯ ಮೇಲೆ ಬೆರಳಿಟ್ಟು ನೋಡಿದ. ಒಂದು ಬೆರಳಗಲ ಅಂದರೆ ಅಚ್ಚಿನಲ್ಲಿ ಎಷ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತು, ಎರಡಕ್ಷರ, ಸಣ್ಣ ಅಚ್ಚಾದರೆ ಮೂರು. ಎರಡಕ್ಷರ ಸಾಕಲ್ಲ ದೇವರೇ, ಎರಡಕ್ಷರ ಬಹಳವಾಯಿತು, ಅಂದುಕೊಂಡ. ಈ ಹುಡುಗಿಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೂಬಿಟ್ಟ. "ಅಯ್ಯೋ ಅಂಕಲ್, ಏನಿದು!" ಎಂದು ಅವಳು ಅವನ ಕೈ ಹಿಡಿದು ಕೆಳಗಿಳಿಸಿದಳು.

"ಈಗ ಓದಿ ತೋರಿಸಿ," ಎಂದಾಗ ಹೆಂಡತಿ ಚೀಲದಿಂದ ಅಭ್ಯಾಸದ ಹಾಳೆಗಳನ್ನು ತೆಗೆದುಕೊಟ್ಟಳು. ದಪ್ಪ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಬಲ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ. ಪ್ರತಿ ವಾರ ಹೊಸದೊಂದು ಬರುತ್ತಿತ್ತು. ಅವನು ಸಾಲಿನ ಕೊನೆಗೆ, ಕೆಂಪು ಗೆರೆಗೆ ಕಣ್ಣು ಹಾಯಿಸಿ, ಅಲ್ಲಿಂದ ಹಿಂದಕ್ಕೆ ಒಂದೊಂದೇ ಮಾತು ನೋಡಿಕೊಂಡು ಬಂದು, ಆಮೇಲೆ ಮೊದಲಿನಿಂದ ಗಟ್ಟಿಯಾಗಿ ಓದಿದ. ಹಿಂದಿನಿಂದ ಓದುವುದು ಕರಡು ತಿದ್ದುವವರ ಹಳೆಯ ವಿದ್ಯೆ. ಅರ್ಥದ ಓಟಕ್ಕೆ ಸಿಕ್ಕದೆ ಅಕ್ಷರ ಅಕ್ಷರವಾಗಿಯೇ ಕಾಣಲಿ ಎಂದು ಕಸುಬಿನ ಶುರುವಿನಲ್ಲಿ ಕಲಿತಿದ್ದ. ಹೆಸರು ಬಂದ ಮೇಲೆ, ನನಗ್ಯಾಕೆ ಅದೆಲ್ಲ ಎಂದು ಬಿಟ್ಟಿದ್ದ. ಈಗ ಅದೇ ಕೈಹಿಡಿದಿತ್ತು, ಹಿಂದಕ್ಕೆ ಬರುವಾಗ ಮುಂದಿನ ಮಾತು ಕಾಣುವ ಎಡಗಡೆಯಲ್ಲೇ ಇರುತ್ತಿತ್ತು. "ಬಸ್ಸು ಬರಲಿ. ಬಸ್ಸು ಬರಲಿಲ್ಲ. ಮಳೆ ನಿಲ್ಲಲಿ. ಮಳೆ ನಿಲ್ಲಲಿಲ್ಲ. ಅವರು ಕೇಳಲಿ. ಅವರು ಕೇಳಲಿಲ್ಲ." ಇಡೀ ಹಾಳೆ ಒಂದೂ ತಪ್ಪದೆ ಓದಿದ. ಚುಕ್ಕಿ ಮೇಡಂ ಹಾಳೆಯನ್ನು ಕೈಗೆತ್ತಿಕೊಂಡು, "ಎಷ್ಟು ಚೆನ್ನಾಗಿ ಮಾಡಿದ್ದಾರೆ! ಯಾರು ಮಾಡಿಕೊಟ್ಟಿದ್ದು ಅಂಕಲ್? ಬೇರೆಯವರಿಗೂ ಕೊಡಬಹುದು, ನನಗೊಂದು ಪ್ರತಿ ಬೇಕು," ಅಂದಳು. "ನೀನೇ ತಾನೇ ಕೊಟ್ಟು ಕಳಿಸೋದು?" "ನಾನು ಕೊಟ್ಟಿದ್ದು ಮೊದಲನೇ ವಾರದ್ದು ಒಂದೇ. ಅದ್ರಲ್ಲಿ ಬರೀ ಅಂಕಿ ಇತ್ತು."

ಅವನು ಹಾಳೆಯನ್ನು ವಾಪಸ್ ಕಿತ್ತುಕೊಂಡ. ಓದಲಿಕ್ಕಲ್ಲ, ಕರಡು ನೋಡುವ ಹಾಗೆ ನೋಡಿದ. ಪ್ರತಿ ವಾಕ್ಯ ಮುಗಿದು ಪೂರ್ಣವಿರಾಮ ಬಿದ್ದಮೇಲೆ ಒಂದರ ಬದಲು ಎರಡು ಖಾಲಿ ಜಾಗ. ಲೋಕದಲ್ಲಿ ಹೀಗೆ ಹೊಡೆಯುವವಳು ಒಬ್ಬಳೇ, ಒತ್ತಕ್ಕ. ಹನ್ನೊಂದು ವರ್ಷ ಆ ಎರಡನೇ ಜಾಗಕ್ಕೆ ಅವನು ಕೆಂಪು ಶಾಯಿ ಸುರಿದಿದ್ದ, ಬೈದಿದ್ದ, ಅವಳ ಬೆರಳು ಮಾತ್ರ ಬದಲಾಗಿರಲಿಲ್ಲ. ನಾಲ್ಕು ತಿಂಗಳು ಈ ಹಾಳೆಗಳನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದರೂ ಅದು ಕಂಡಿರಲಿಲ್ಲ. ಎಂಥ ಹುಚ್ಚು ವಾಕ್ಯ, ಯಾವ ತಲೆಕೆಟ್ಟವರು ಬರೆದದ್ದು ಎಂದು ಹೆಂಡತಿಯ ಮುಂದೆ ರೇಗಾಡಿದ್ದ ಬೇರೆ. ಹೆಂಡತಿ ಚೀಲದ ಜಿಪ್ಪನ್ನು ಎಳೆಯುವುದು, ಹಾಕುವುದು, ಎಳೆಯುವುದು ಮಾಡುತ್ತಿದ್ದಳು.

ಹೊರಗೆ ಬಂದು ರಸ್ತೆಯ ಪಕ್ಕದ ಚಹಾದ ಅಂಗಡಿಯಲ್ಲಿ ಕೂತ ಮೇಲೆ ಅವಳೇ ಬಾಯಿಬಿಟ್ಟಳು. "ಪ್ರತಿ ಶನಿವಾರ ಕೆಲಸ ಮುಗಿಸಿ ನಮ್ಮ ಬೀದಿ ತಿರುವಿಗೆ ಬಂದು ಕೊಟ್ಟು ಹೋಗ್ತಿದ್ಲು. ಮೊದಲ ದಿನ ನಿಮ್ಮನ್ನ ವಿಚಾರಿಸೋಕೆ ಅಂತ ಬಂದಿದ್ಲು, ನೀವು ಮಲಗಿದ್ರಿ. ಏನು ಕಷ್ಟ ಆಗ್ತಿದೆ ಅಂತ ಕೇಳಿದ್ಲು. ಪೇಪರ್ ಓದ್ತಾರೆ, ಮಂತ್ರಿ ರಾಜೀನಾಮೆ ಕೊಡಲಿಲ್ಲ ಅನ್ನೋದನ್ನ ಕೊಡಲಿ ಅಂತ ಓದ್ತಾರೆ, ಹೇಳಿದ್ರೆ ಜಗಳಕ್ಕೆ ಬರ್ತಾರೆ ಅಂದೆ. ಅವಳು, ಕೊಡಲಿಲ್ಲ ಅನ್ನೋದು ಕೊಡಲಿ ಆಗುತ್ತಾ ಅಂತ ಎರಡೆರಡು ಸಲ ಕೇಳಿದ್ಲು. ಮುಂದಿನ ವಾರ ಈ ಹಾಳೆ ತಂದ್ಲು. ನಾನು ಮಾಡಿದ್ದು ಅಂತ ಹೇಳಬೇಡಿ, ಗೊತ್ತಾದ್ರೆ ಮುಟ್ಟಲ್ಲ ಅವ್ರು, ಸ್ವಾಭಿಮಾನ ಜಾಸ್ತಿ ಅಂದ್ಲು." "ಸ್ವಾಭಿಮಾನ ಅಂದ್ಲಾ?" ಹೆಂಡತಿ ಚಹಾ ಊದಿಕೊಂಡು ಕುಡಿದು, "ಇಲ್ಲ. ಕೊಬ್ಬು ಅಂದ್ಲು. ನಾನೇ ಸ್ವಲ್ಪ ತಿದ್ದಿ ಹೇಳಿದೆ," ಅಂದಳು. ಅವನಿಗೆ ನಗು ಬಂತು, ನಗು ಅರ್ಧಕ್ಕೇ ನಿಂತು ಇನ್ನೇನೋ ಆಯಿತು, ಅಂಗಡಿಯವನು ನೋಡುತ್ತಾನೆಂದು ಮುಖ ಆಚೆ ತಿರುಗಿಸಿದ. ಹಾಗಾದರೆ ಒತ್ತಕ್ಕನಿಗೆ ಎಲ್ಲ ಗೊತ್ತು. ತನಗಿಂತ ಮೊದಲೇ ಗೊತ್ತಾಗಿದೆ. ಗೊತ್ತಾದ ಮೇಲೂ ದಿನದ ಕೆಲಸ ಮುಗಿಸಿ, ತನ್ನನ್ನು ಎಲ್ಲರ ಮುಂದೆ ಕಾಲ ಕಸ ಮಾಡಿದವನಿಗಾಗಿ ಕೂತು, ಬರಲಿ ಬರಲಿಲ್ಲ ಎಂದು ಹೊಡೆದಿದ್ದಾಳೆ. ಅವನಿಗೆ ಆ ಕ್ಷಣ ಅವಳ ಮೇಲೆ ಸಿಟ್ಟೂ ಬಂತು. ಬೈದಿದ್ದರೆ ಎಷ್ಟು ಸುಲಭವಾಗಿತ್ತು.

ಪ್ರೆಸ್ಸಿನ ಮೆಟ್ಟಿಲಿನ ಬಲಗಂಬಿಯನ್ನು ಹೆಂಡತಿ ಅವನ ಕೈಗೆ ಕೊಟ್ಟಳು. ಶಾಯಿಯ ವಾಸನೆ, ಕಾಗದದ ಧೂಳು, ಯಂತ್ರದ ಧಡಧಡ ಎಲ್ಲ ಹಾಗೇ ಇದ್ದವು. ಯಜಮಾನರು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ಬನ್ನಿ ಬನ್ನಿ, ಕುರ್ಚಿ ಧೂಳು ಒರೆಸಿಟ್ಟಿದ್ದೀನಿ." ಅವನು ಕೂರಲಿಲ್ಲ. "ಮೊದಲು ಮೇಷ್ಟ್ರ ಪುಸ್ತಕದ ಕರಡು ನೋಡಬೇಕು," ಅಂದ. "ಅದ್ಯಾಕೆ ಈಗ? ಮುಗಿದ ಕತೆ." "ಮುಗಿದಿಲ್ಲ." ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯ ಕಪಾಟಿನಲ್ಲಿ ವರ್ಷದ ಕರಡುಗಳನ್ನು ಕಟ್ಟು ಕಟ್ಟಿ ಇಡುತ್ತಿದ್ದರು. ಹೆಂಡತಿ ಕಟ್ಟು ಹುಡುಕಿ ಕೊಟ್ಟು, ದಾರ ಬಿಚ್ಚಿ, ಹೊರಗೆ ಹೋಗಿ ನಿಂತಳು. ಅರ್ಪಣೆಯ ಪುಟ ಮೇಲೆಯೇ ಇತ್ತು. ಅವನು ಸಾಲಿನ ಬಲಗಡೆ ಬೆರಳಿಟ್ಟು, ಕಣ್ಣನ್ನು ಅಲ್ಲಿಗೆ ಒಯ್ದು, ಹಿಂದಕ್ಕೆ ಬಂದ. ಬಿಳಿ. ಬಿಳಿ. ಆಮೇಲೆ ಲಿ. ಆಮೇಲೆ ರ. ಆಮೇಲೆ ತೀ. ಲಿ ಆದಮೇಲೆ ಏನೂ ಇರಲಿಲ್ಲ. ಪುಟದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ಸರಿ', ಅದರ ಕೆಳಗೆ ತನ್ನ ಸಹಿ. ಅವನು ಉಳಿದ ಪುಟಗಳನ್ನು ತಿರುವಿದ. ಹತ್ತು, ಇಪ್ಪತ್ತು, ಐವತ್ತು. ಹತ್ತು ಪುಟ ನೋಡುವಷ್ಟರಲ್ಲೇ ಅರ್ಥವಾಗಿತ್ತು, ಆದರೂ ತಿರುವಿದ. ತಾನು ಹಾಕಿದ ಕೆಂಪು ಸುತ್ತುಗಳೆಲ್ಲ ಪುಟದ ಎಡಗಡೆಗೇ ಇದ್ದವು. ಬಲಗಡೆ ತಪ್ಪುಗಳು ಸಾಲಿನ ಕೊನೆಯಲ್ಲಿ ಯಾರೂ ಮುಟ್ಟದೆ ಹಾಗೇ ಕೂತಿದ್ದವು. ಬಲಗಡೆ ಕುಸಿಯುತ್ತಿತ್ತು, ಅವನು 'ಸರಿ' ಎಂದು ಬರೆಯುತ್ತಲೇ ಹೋಗಿದ್ದ.

ಮೊದಲು ಬಂದದ್ದು ನಿರಾಳ, ಅದನ್ನು ಅವನು ಮುಚ್ಚಿಡುವಂತಿಲ್ಲ. ಅಬ್ಬ, ಕಾಯಿಲೆ ಮಾಡಿದ್ದು, ನಾನಲ್ಲ. ಡಾಕ್ಟರು ಹೇಳಿದ ಹಳೇ ಗಾಯ ಇದೇ, ಸಾಕ್ಷಿ ಇಲ್ಲೇ ಕೈಯಲ್ಲಿದೆ. ಯಜಮಾನರು ಬಾಗಿಲಲ್ಲಿ ಬಂದು ನಿಂತವರು ಅವನು ತೋರಿಸಿದ್ದನ್ನು ನೋಡಿ ಅದೇ ಮಾತು ಹೇಳಿದರು. "ಪಾಪ, ಆಗಲೇ ಶುರುವಾಗಿತ್ತು ನೋಡಿ. ಇದು ನಿಮ್ಮ ತಪ್ಪೇ ಅಲ್ಲ ಬಿಡಿ. ಇಲ್ಲೇ ಇದ್ಬಿಡಲಿ ಈ ಕಟ್ಟು, ಯಾರಿಗೂ ಹೇಳೋದೂ ಬೇಡ, ನಿಮ್ಮ ಹೆಸರು ಯಾಕೆ ಕೆಡಬೇಕು." ಕಟ್ಟನ್ನು ಮತ್ತೆ ಕಟ್ಟಿ ಒಳಗೆ ತಳ್ಳಿದರೆ ಆಯಿತು, ಕುರ್ಚಿಯೂ ಉಳಿಯಿತು, ಹೆಸರೂ ಉಳಿಯಿತು. ಅವನ ಕೈ ದಾರದ ಮೇಲೇ ಇತ್ತು. ಕಾಣದ್ದು ಕಾಣಲಿಲ್ಲ, ಅದು ಮಿದುಳಿನ ಪಾಡು. ಆದರೆ ಕರಡು ತೆಗೆದು ನೋಡೋಣ ಎಂದು ಅವಳು ಅಂದಾಗ ನೋಡದೆಯೇ ಕೂಗಿದ್ದು ಯಾವ ಗಾಯ? ಅವತ್ತು ನಾಲಿಗೆಗೆ ಏನಾಗಿತ್ತು? ಆ ನಾಲ್ಕು ದಿನ ಬೈಂಡಿಂಗ್ ಕೋಣೆಯ ಬಾಗಿಲು ಅವನ ಎಡಗಡೆಯೇ ಇತ್ತು, ಅವಳು ನೆಲದಲ್ಲಿ ಕೂತದ್ದು ಚೆನ್ನಾಗಿ ಕಾಣುತ್ತಿತ್ತು.

"ಯಂತ್ರ ನಿಲ್ಲಿಸೋಕೆ ಹೇಳಿ," ಅಂದ. ಯಜಮಾನರು ಬೇಡವೆಂದು ತಲೆಯಾಡಿಸಿದರು. ಅವನೇ ಹೋಗಿ ಯಂತ್ರದವನ ಭುಜ ಮುಟ್ಟ ಹೊರಟು, ಅಂದಾಜು ತಪ್ಪಿ ಗಾಳಿ ಮುಟ್ಟಿದ. ಯಂತ್ರದವನೇ ಗಾಬರಿಯಾಗಿ ಯಂತ್ರ ನಿಲ್ಲಿಸಿದ. ಬೈಂಡಿಂಗಿನವರು ಹೊರಗೆ ಬಂದರು. ಒತ್ತಕ್ಕ ತನ್ನ ಮೇಜಿನಿಂದ ಎದ್ದಳೋ ಇಲ್ಲವೋ ಅವನಿಗೆ ಕಾಣಲಿಲ್ಲ, ತಲೆ ತಿರುಗಿಸುವ ಧೈರ್ಯವಿರಲಿಲ್ಲ. ಕೈಯಲ್ಲಿದ್ದ ಪುಟವನ್ನು ಎತ್ತಿ ಹಿಡಿದ. "ಮೇಷ್ಟ್ರ ಪುಸ್ತಕದ ಕರಡು ಇದು. ತೀರಲಿ ಅಂತಲೇ ಇದೆ. ನಾನೇ ಸರಿ ಅಂತ ಬರೆದು ಸಹಿ ಹಾಕಿದ್ದೀನಿ. ಇವಳು ಆಮೇಲೆ ಮುಟ್ಟಿಲ್ಲ. ನಾನು ಸುಳ್ಳು ಹೇಳಿದೆ. ನೋಡದೆ ಹೇಳಿದ್ದು ಸುಳ್ಳೇ. ನಾಲ್ಕು ದಿನ ಇವಳ ಕೈಲಿ ಅಂಟು ಹಚ್ಚಿಸಿದೆ. ನೀವೆಲ್ಲ ಅವತ್ತು ಕೇಳಿಸ್ಕೊಂಡಿದ್ರಿ, ಇವತ್ತೂ ಕೇಳಿಸ್ಕೊಳ್ಳಿ." ಆಗ ಬಲಗಡೆಯಿಂದ, ಬಹಳ ಹತ್ತಿರದಿಂದಲೇ, "ನನಗೆ ಗೊತ್ತಿತ್ತು ಸರ್," ಎಂದಿತು ಒತ್ತಕ್ಕನ ದನಿ. ಅವನು ತಲೆ ತಿರುಗಿಸಿದ, ಅವಳ ಮುಖ ಪೂರ್ತಿ ಸಿಗುವವರೆಗೆ ತಿರುಗಿಸಿದ. "ಮತ್ತೆ ಯಾಕೆ ಹೇಳಲಿಲ್ಲ?" "ನೀವೇ ಹೇಳಲಿ ಅಂತ." ಅಷ್ಟು ಹೇಳಿ ಅವಳು ಕಣ್ಣೊರೆಸಿಕೊಂಡಳು, ಆದರೆ ದನಿ ಮೆತ್ತಗಾಗಲಿಲ್ಲ. "ಅವತ್ತು ಮನೆಗೆ ಹೋಗಿ ಊಟ ಮಾಡಿಲ್ಲ ನಾನು. ಹನ್ನೊಂದು ವರ್ಷ ಕೆಲಸ ಮಾಡಿ ನಾಲ್ಕಕ್ಷರ ಬರಲ್ಲ ಅನ್ನಿಸ್ಕೊಂಡೆ. ಅದು ಹೋಗಲಿ ಅಂತ ನಾನು ಹೇಳಲ್ಲ ಸರ್." "ಹೇಳಬೇಡ," ಅಂದ ಅವನು. ಅವಳು ಹಾಗೆ ಹೇಳಿದ್ದಕ್ಕೇ ಅವನಿಗೆ ಎದೆ ಹಗುರವಾಯಿತು. ಸುಮ್ಮನೆ ಕ್ಷಮಿಸಿಬಿಟ್ಟಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಯಜಮಾನರು ಗಂಟಲು ಸರಿಮಾಡಿಕೊಂಡು, ಈಗ ಕುರ್ಚಿಯ ವಿಷಯ ಏನು ಮಾಡುವುದು, ಬಲಗಡೆ ಹೀಗಾದರೆ ಕಷ್ಟ ಅಲ್ಲವೇ, ಮೇಷ್ಟ್ರಿಗೂ ಏನಾದರೂ ಹೇಳಬೇಕಾಗುತ್ತದೆ ಎಂದು ಗೊಣಗಿದರು. "ಮೇಷ್ಟ್ರ ಮನೆಗೆ ನಾನೇ ಹೋಗಿ ಹೇಳ್ತೀನಿ. ಕುರ್ಚಿ ನಿಮಗೆ ಬಿಟ್ಟಿದ್ದು," ಅಂದ ಅವನು. ಒತ್ತಕ್ಕ ತನ್ನ ಮೇಜಿಗೆ ಹೋಗಿ ನಾಲ್ಕು ಪುಟ ಹಿಡಿದುಕೊಂಡು ಬಂದಳು. "ಮೊದಲು ಓದಿ ನೋಡಲಿ ಸರ್, ಆಮೇಲೆ ಮಾತು," ಎಂದು ಯಜಮಾನರಿಗೆ ಹೇಳಿ, ಅವನ ಕುರ್ಚಿಯ ಬಲಕ್ಕೆ ಇನ್ನೊಂದು ಸ್ಟೂಲು ಎಳೆದುಕೊಂಡಳು. "ನಾನು ಮೂಲ ಪ್ರತಿ ಗಟ್ಟಿಯಾಗಿ ಓದ್ತೀನಿ, ನೀವು ಕರಡು ನೋಡ್ತಾ ಬನ್ನಿ. ತಪ್ಪು ಸಿಕ್ಕಿದ್ರೆ ಮೆಲ್ಲಗೆ ಹೇಳಿ. ಕೂಗಿದ್ರೆ ನಾನೂ ಕೂಗ್ತೀನಿ." ಜೇನು ಸಾಕುವ ಬಗ್ಗೆ ಯಾರೋ ಬರೆದ ಪುಸ್ತಕ. ಅವಳು ಓದುತ್ತ ಹೋದಳು, ಅವನು ಅವಳ ದನಿಯ ಜೊತೆಗೆ ಸಾಲಿನ ಕೊನೆಯವರೆಗೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಹೋದ. ಮೂರನೇ ಪುಟದಲ್ಲಿ, ಬಲತುದಿಯಲ್ಲಿ, ವಾಪಸ್ ಬಂದ ಆ ಒಂದು ಬೆರಳಗಲದಲ್ಲಿ ಏನೋ ತಡೆಯಿತು. ನಿಂತು ನೋಡಿದ. ನಂಬದೆ ಇನ್ನೊಮ್ಮೆ ನೋಡಿದ. ಅವಳ ಕಡೆ ಬಾಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಜೇನುಹುಳು ಇಲ್ಲಿ ಜೇನುಹುಲಿ ಆಗಿದೆ," ಅಂದ.

ಅವಳು ಹಾಳೆ ಇಣುಕಿ ನೋಡಿದಳು. ಎದ್ದು ನಿಂತಳು. "ಎಲ್ಲರೂ ಕೇಳಿಸ್ಕೊಳ್ರಪ್ಪಾ!" ಎಂದು ಇಡೀ ಪ್ರೆಸ್ಸಿಗೆ ಕೇಳುವಂತೆ ಕೂಗಿದಳು. "ಹುಳುನ ಹುಲಿ ಮಾಡಿದ್ದೀನಿ! ನಂದೇ ತಪ್ಪು! ಇನ್ಯಾರದೂ ಅಲ್ಲ!" ಬೈಂಡಿಂಗಿನವರು ಗೊಳ್ಳೆಂದು ನಕ್ಕರು, ಯಂತ್ರದವನು ನಕ್ಕ, ಯಜಮಾನರೂ ನಗು ತಡೆಯಲಾರದೆ ಒಳಗೆ ಹೋದರು. ಬಾಗಿಲಲ್ಲಿ ನಿಂತ ಹೆಂಡತಿ ನಗುವುದೂ ಕೇಳಿಸಿತು. ಅವನಿಗೆ ಹಾಳೆ ಮಂಜಾಯಿತು, ಎಡಗಡೆಯೂ ಬಲಗಡೆಯೂ ಕಾಣದ ಹಾಗೆ. ಕನ್ನಡಕ ತೆಗೆದು ಒರೆಸಿಕೊಂಡು, ಹುಲಿಯ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ. ಒತ್ತಕ್ಕ ಕೂತಳು. "ಮುಂದೆ ಓದಲಾ ಸರ್?"

"ಓದಿ," ಅಂದ.

ಹನ್ನೊಂದು ವರ್ಷ ಹೋಗು, ಬಾ, ತಿದ್ದು, ಹೊಡಿ ಎಂದೇ ಹೇಳಿಸಿಕೊಂಡಿದ್ದವಳು ತಲೆಯೆತ್ತಿ ಸುತ್ತ ನೋಡಿದಳು, ಹಿಂದೆ ಬೇರೆ ಯಾರಾದರೂ ಬಂದು ನಿಂತಿದ್ದಾರೋ ಎಂದು.

"ಯಾರಿಗೆ ಸರ್ ಹೇಳಿದ್ದು?"

"ನಿಮಗೇ," ಅಂದ ಅವನು.